ಇಪ್ಪತ್ತು ಅಡಿಯ ಅವಳು

"ರೀ! ಮೊದಲು ನನ್ನ ಮೇಲಿಂದ ಇಳೀರಿ!"

ಫ್ಲೆಕ್ಸ್ ಪ್ರೆಸ್ಸಿನಲ್ಲಿದ್ದವರೆಲ್ಲ ಬೆಚ್ಚಿ ತಿರುಗಿದರು. ಬಾಗಿಲಲ್ಲಿ ಒದ್ದೆ ಕೂದಲಿನ ಹುಡುಗಿಯೊಬ್ಬಳು ನಿಂತಿದ್ದಳು. ನೆಲಕ್ಕೆ ಹಾಸಿದ್ದ ಬ್ಯಾನರಿನಲ್ಲಿ ಅದೇ ಹುಡುಗಿ, ಇಪ್ಪತ್ತು ಅಡಿ ಉದ್ದಕ್ಕೆ, ಈಜುಡುಗೆಯಲ್ಲಿ! ಆ ದೊಡ್ಡವಳ ಮಂಡಿಯ ಮೇಲೆ ಸುತ್ತಿಗೆ ಹಿಡಿದ ಡಿಸೈನರ್ ಬರಿಗಾಲಲ್ಲಿ ನಿಂತಿದ್ದ.

ಒಂದೇ ನೆಗೆತಕ್ಕೆ ಅಂಚಿಗೆ ಹಾರಿದ.

"ಕ್ಷಮಿಸಿ ಮೇಡಂ... ಹಗ್ಗ ಕಟ್ಟೋಕೆ ರಿಂಗ್ ಹೊಡೀತಿದ್ದೆ. ಮಂಡಿಗೇನೂ ಪೆಟ್ಟಾಗ್ಲಿಲ್ಲ ತಾನೆ?"

"ಇಷ್ಟುದ್ದ ಇದೀನಿ, ಕಣ್ಣಿಗೆ ಕಾಣ್ಲಿಲ್ವಾ?"

"ಪೂರ್ತಿ ಕಾಣ್ಬೇಕಂದ್ರೆ ಏಣಿ ಹತ್ಬೇಕು ಮೇಡಂ!"

ನಗಬಾರದು ಅಂದುಕೊಂಡೇ ನಕ್ಕುಬಿಟ್ಟಳು.

ಅವಳು ಈಜು ಕಲಿಸುವ ಟೀಚರ್. ಈಜುಡುಗೆ ಕಂಪನಿಯೊಂದು ದೊಡ್ಡ ಸರ್ಕಲ್ಲಿನ ಹೋರ್ಡಿಂಗಿಗೆ ಅವಳನ್ನೇ ಆರಿಸಿತ್ತು. ಇದು ತೂಗುಹಾಕಿ ಬಣ್ಣ ನೋಡಲು ತೆಗೆದ ಮೊದಲ ಪ್ರಿಂಟ್. ಚಿತ್ರದಲ್ಲಿ ಕೊಳದ ಅಂಚಿಗೆ ಕೂತು, ತಲೆಯೆತ್ತಿ, ನೇರವಾಗಿ ನೋಡುತ್ತಿದ್ದಳು.

ಹನ್ನೆರಡನೇ ವಯಸ್ಸಿನಿಂದ ಮನೆಯಲ್ಲಿ ಕೇಳಿದ್ದು ಒಂದೇ ಹಾಡು. ಕಾಲು ಮುಚ್ಕೋ, ಭುಜ ತಗ್ಗಿಸು, ಮೆಲ್ಲಗೆ ನಗು... ಹೋರ್ಡಿಂಗ್ ವಿಷಯ ತಿಳಿದ ಮೇಲಂತೂ ಅಣ್ಣ ಮಾತೇ ಬಿಟ್ಟಿದ್ದ.

'ಮುಚ್ಕೊಂಡಿದ್ದು ಸಾಕು. ಈಗ ಊರೇ ನೋಡ್ಲಿ! ಇದೇ ನನ್ನ ಶಕ್ತಿ...'

ಮರುವಾರ ದೊಡ್ಡವರ ಬ್ಯಾಚಿನಲ್ಲಿ ಹೊಸಬನೊಬ್ಬ ಸೇರಿದ. ನೋಡಿದರೆ... ಅದೇ ಡಿಸೈನರ್!

"ಕಾಲು ಬಡೀರಿ!"

"ಬಡೀತಾನೇ ಇದೀನಿ ಮೇಡಂ, ನೀರು ಮುಂದಕ್ಕೆ ಬಿಡ್ತಿಲ್ಲ!"

ಮುಳುಗುವಾಗಲೂ ಬಾಯಿ ಮುಚ್ಚದ ಪ್ರಾಣಿ. ಈಜುಡುಗೆ ಕಂಪನಿಯ ಮ್ಯಾನೇಜರ್ ಮೂಗಿನಲ್ಲಿ ಮಾತಾಡುವುದನ್ನು ಹಾಗೇ ಅನುಕರಿಸಿ ತೋರಿಸುತ್ತಿದ್ದ. "ಬ್ರ್ಯಾಂಡು ಮೇಡಂ, ಬ್ರ್ಯಾಂಡು!" ಅವಳು ಕಂಬಿ ಹಿಡಿದು ನಗುತ್ತಿದ್ದಳು. ಎರಡು ತಿಂಗಳಾದರೂ ಅವನಿಗೆ ತೇಲಲು ಬರಲಿಲ್ಲ. ಅವಳ ಮನಸ್ಸು ಮಾತ್ರ ಯಾವಾಗಲೋ ಅವನತ್ತ ತೇಲಿಹೋಗಿತ್ತು.

ಹೋರ್ಡಿಂಗ್ ಏರುವ ದಿನ ಬಂತು. ಸರ್ಕಲ್ಲಿನಲ್ಲಿ ಬರಿ ಕಬ್ಬಿಣದ ಚೌಕಟ್ಟು!

ಮ್ಯಾನೇಜರ್ ಫೋನ್ ಮಾಡಿದ. "ಪ್ರೆಸ್ಸಿನ ಡಿಸೈನರ್ ಪ್ರಿಂಟ್ ಹಾಕಲ್ಲ ಅಂತ ಕೂತಿದಾನೆ ಮೇಡಂ!"



ಪ್ರೆಸ್ಸಿಗೆ ನುಗ್ಗಿದವಳೇ ಅಂದಳು, "ನೀವೂ ನಮ್ಮಣ್ಣನ ಥರಾನೇ ಅಲ್ವಾ? ಈಜು ಕಲಿಯೋಕೆ ಬಂದ್ರೋ, ನನ್ನನ್ನ ಕಾಯೋಕೆ ಬಂದ್ರೋ?"

ಅವನು ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದ.

ಕಂಪನಿ ಕಳಿಸಿದ್ದ ಕೊನೆಯ ಡಿಸೈನ್. ಕುತ್ತಿಗೆಯಿಂದ ತೊಡೆಯವರೆಗೆ ಅವಳೇ. ಕುತ್ತಿಗೆಯಿಂದ ಮೇಲಕ್ಕೆ ಕಂಪನಿಯ ಹೆಸರು.

ತಲೆ ಇರಲಿಲ್ಲ.

ಅವಳು ಪರದೆಯತ್ತ ಬಾಗಿ ನೋಡಿದಳು. "ಇದು... ಯಾರದ್ದು ಬೇಕಾದ್ರೂ ಆಗಿರ್ಬಹುದು..."

"ಮೂರು ದಿನದಿಂದ ಅವರ ಜೊತೆ ಜಗಳ ಆಡ್ತಿದೀನಿ. ನಿಮಗೆ ಗೊತ್ತಾದ್ರೆ ನೋವಾಗುತ್ತೆ ಅಂತ..."

"ಮೂರು ದಿನ!" ಅವಳು ಪರದೆ ಬಿಟ್ಟು ಅವನತ್ತ ತಿರುಗಿದಳು. "ಅವರು ನನ್ನ ತಲೆ ತೆಗೆದ್ರು. ನೀವು ನನ್ನ ಬಾಯಿ ಮುಚ್ಚಿದ್ರಿ. ನೋವು ನನ್ನದು ಕಣ್ರೀ, ಜಗಳಾನೂ ನನ್ನದೇ!"

ಅವನು ತಲೆತಗ್ಗಿಸಿದ. "ತಪ್ಪಾಯ್ತು."

ಅವಳು ಮ್ಯಾನೇಜರಿಗೆ ಫೋನ್ ಹಚ್ಚಿದಳು. "ನನ್ನ ತಲೆ ಎಲ್ಲಿ ಸಾರ್?"

"ಅಯ್ಯೋ ಮೇಡಂ, ಆ ಸರ್ಕಲ್ಲಲ್ಲಿ ಮುಖ ಯಾರು ನೋಡ್ತಾರೆ?"

"ಹಾಕಿದ್ರೆ ಮುಖದ ಜೊತೆ ಹಾಕಿ. ಇಲ್ಲಾಂದ್ರೆ ನನ್ನ ಚಿತ್ರಾನೇ ಬೇಡ."

"ಬೇರೆ ಹುಡುಗೀರು ಸಾಲಾಗಿ ನಿಂತಿದಾರೆ ಮೇಡಂ..."

"ಅವರಿಗೂ ಈ ಡಿಸೈನ್ ತೋರಿಸೇ ಕೇಳಿ."

ಫೋನ್ ಇಟ್ಟು ಫ್ಲೆಕ್ಸ್ ಸುರುಳಿಯ ಮೇಲೆ ಕುಸಿದಳು. ಅಷ್ಟು ಆಸೆಪಟ್ಟ ಹೋರ್ಡಿಂಗ್ ಕೈತಪ್ಪಿತ್ತು. ಕಣ್ಣು ತುಂಬಿ ಬಂತು.

"ಅವತ್ತು ಇಲ್ಲಿ ನನ್ನನ್ನೇ ನೋಡ್ಕೊಂಡಾಗ ಏನೋ ಬಲ ಬಂದಿತ್ತು. ಅದು ಸುಳ್ಳಾ? ಇವರಿಗೆ ಬೇಕಾಗಿದ್ದು ಇಷ್ಟೇನಾ?"

"ಅವರಿಗೆ ಬೇಕಾಗಿದ್ದು ಇಷ್ಟೇ. ನಿಮಗೆ ಬಂದ ಬಲ ಸುಳ್ಳೋ ನಿಜಾನೋ... ನಾನು ಹೇಗೆ ಹೇಳ್ಲಿ?"

ಅವಳು ಯೋಚಿಸಿದಳು. ಅಂದು ಬ್ಯಾನರಿನಲ್ಲಿ ತಾನು ಮೊದಲು ನೋಡಿದ್ದು ಕಾಲನ್ನೂ ಅಲ್ಲ, ಸೊಂಟವನ್ನೂ ಅಲ್ಲ. ಹೆದರದ ಆ ಎರಡು ಕಣ್ಣುಗಳನ್ನು. ಕಂಪನಿ ಕತ್ತರಿಸಿದ್ದು ಅವನ್ನೇ!

"ನಾಳೆ ನಾನು ಮತ್ತೆ ಇಂಥ ಫೋಟೋ ತೆಗೆಸ್ಕೊಂಡ್ರೆ?" ಕಣ್ಣೊರೆಸಿಕೊಂಡು ಕೇಳಿದಳು.

"ಹೊಟ್ಟೆಕಿಚ್ಚಾಗ್ಬಹುದು. ಆದ್ರೆ ಹೊಟ್ಟೆ ನನ್ನದು ಮೇಡಂ, ಅದಕ್ಕೆ ನೀವು ಔಷಧಿ ಕುಡೀಬೇಡಿ."

ಅಳುವಿನ ಮಧ್ಯೆಯೇ ನಗು ಉಕ್ಕಿತು. "ಇನ್ಮೇಲೆ ನನ್ನ ವಿಷಯ ಏನೇ ಇದ್ರೂ ಮೊದಲು ನನಗೇ ಹೇಳ್ಬೇಕು. ತಿಳೀತಾ?"

"ಹಾಗಾದ್ರೆ... ಇನ್ನೊಂದು ಬಚ್ಚಿಟ್ಟಿದೀನಿ. ಎರಡು ತಿಂಗಳಿಂದ."

"ಏನದು?"

ಈ ಸಲ ಯಾರ ಧ್ವನಿಯನ್ನೂ ಅನುಕರಿಸಲಿಲ್ಲ. ತನ್ನದೇ ಧ್ವನಿ, ಅದೂ ತೊದಲುತ್ತ...

"ನಿಮ್ಮನ್ನ ಪ್ರೀತಿಸ್ತಿದೀನಿ. ನಿರ್ಧಾರ ಪೂರ್ತಿ ನಿಮ್ಮದು. ನಾನು ಮಧ್ಯೆ ಬರಲ್ಲ."

ಅವಳು ಎದ್ದು ಬಂದು, ಶಾಯಿ ಮೆತ್ತಿದ ಅವನ ಕೈಯನ್ನು ಮೆಲ್ಲಗೆ ಹಿಡಿದಳು.

"ಇದರಲ್ಲಾದ್ರೂ ಮಧ್ಯೆ ಬಾರೋ, ಪೆದ್ದ... ಒಬ್ಬಳೇ ಹೇಗೆ ನಿರ್ಧಾರ ಮಾಡ್ಲಿ?"