ಚರಂಡಿಯಾಚೆಯ ಕೇಬಲ್

ಢಮಾರ್!

ನನ್ನ ಕಾರಿನ ಹಿಂದಿನ ಬಂಪರ್ ಕಳಚಿ ಬಿತ್ತು. ಕನ್ನಡಿಯಲ್ಲಿ ಎತ್ತರದ ಕಪ್ಪು ಜೀಪು... ಸ್ಟಿಯರಿಂಗ್ ಹಿಂದೆ ಕಂಟ್ರಾಕ್ಟರ್. ಮುಖ ಕೆಂಡ!

"ಯಾರ್ರೀ ಅದು?" ಪಕ್ಕದಲ್ಲಿದ್ದ ಹೈವೇ ಇಂಜಿನಿಯರ್ ಮೇಡಂ ಕಿರುಚಿದರು.

"ಈ ಹೈವೇಗೆ ಬ್ಯಾರಿಯರ್ ಹಾಕಿದ ಪುಣ್ಯಾತ್ಮ. ನೀವು ಅಪಘಾತದ ಜಾಗ ನೋಡೋದು ಅವನಿಗೆ ಬೇಕಿಲ್ಲ."

ನಾನು ಪತ್ತೇದಾರ. ಈ ಸಲ ಕ್ಲೈಂಟು ನಮ್ಮಕ್ಕನ ಗಂಡ, ಹಾಗಾಗಿ ಫೀಸಿನ ಮಾತೇ ಇಲ್ಲ! ಭಾವ ಕ್ರೇನ್ ಡ್ರೈವರ್. ರಜೆಯ ದಿನ ಅವನ ಕಾರಿನ ಟೈರ್ ಒಡೆದು, ಕಾರು ರಸ್ತೆ ನಡುವಿನ ಹುಲ್ಲುಪಟ್ಟಿಗೆ ನುಗ್ಗಿತ್ತು. ಅಲ್ಲಿ ಕಂಬಗಳಿಗೆ ಉಕ್ಕಿನ ಹಗ್ಗ ಬಿಗಿದಿದ್ದ ಕೇಬಲ್ ಬ್ಯಾರಿಯರನ್ನೂ ದಾಟಿ ಆ ಕಡೆಯ ರಸ್ತೆಯಲ್ಲಿ ನಿಂತಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

"ಕುಡಿದು ಹಾರಿಸಿಕೊಂಡು ಬಂದಿದ್ದಾನೆ. ಇಲ್ಲದಿದ್ರೆ ನನ್ನ ಕೇಬಲ್ ದಾಟೋಕಾಗುತ್ತಾ?" ಅಂದಿದ್ದ ಕಂಟ್ರಾಕ್ಟರ್. ಭಾವನ ಲೈಸೆನ್ಸ್ ಅಮಾನತು! ಅದು ವಾಪಸ್ ಸಿಗೋದು, ಬಿಡೋದು ಎಲ್ಲಾ ಈ ಮೇಡಂ ವರದಿ ಮೇಲಿತ್ತು.

"ಕಂಬ ನೋಡಿ ಮೇಡಂ!"

"ಅಯ್ಯೋ! ನಕ್ಷೆಯಲ್ಲಿ ರಸ್ತೆ ಅಂಚಿಗೆ ಅಂತ ತೋರಿಸಿದ್ದೆ. ಇದು ಚರಂಡಿ ಆಚೆ ಇದೆಯಲ್ರೀ!"

"ಹುಲ್ಲು ಕತ್ತರಿಸೋ ಮಷೀನ್ ತಿರುಗೋಕೆ ಜಾಗ ಬೇಕಿತ್ತಂತೆ. ಇವನು ಸರಿಸಿಬಿಟ್ಟ! ಕೇಬಲ್ ಅಲ್ಲಿದ್ರೆ ಕಾರು ಚರಂಡಿಗಿಳಿದು ಅದರ ಅಡಿಯಲ್ಲೇ ನುಸುಳುತ್ತೆ."

"ಇರಬಹುದು. ಆದ್ರೆ ಕಣ್ಣಾರೆ ನೋಡದೆ ನಾನು ಬರೆಯೋಳಲ್ಲ."

ಎಂಥಾ ಹಟಮಾರಿ ಹೆಂಗಸಪ್ಪಾ!

ಜೀಪು ಪಕ್ಕಕ್ಕೇ ಬಂತು.

"ಲೋ, ಗಾಡಿ ನಿಲ್ಸೋ! ಕೈಕಾಲು ಮುರೀತೀನಿ!"

"ನಿಲ್ಸಿದ್ರೆ ತಾನೇ!"

ಜೀಪು ನಮ್ಮನ್ನು ಹುಲ್ಲಿನ ಕಡೆಗೇ ತಳ್ಳತೊಡಗಿತು. ಆ ಕಡೆಯ ರಸ್ತೆ ಅವತ್ತು ಡಾಂಬರು ಕೆಲಸಕ್ಕೆ ಬಂದ್. ಒಂದು ನರಪಿಳ್ಳೆಯೂ ಇರಲಿಲ್ಲ.

"ಮೇಡಂ, ಕಣ್ಣಾರೆ ನೋಡಬೇಕು ಅಂದ್ರಲ್ಲ... ತಲೆ ತಗ್ಗಿಸಿ!"

ಸ್ಟಿಯರಿಂಗ್ ತಿರುಗಿಸಿಯೇಬಿಟ್ಟೆ!

ಕಾರು ಇಳಿಜಾರಿನಲ್ಲಿ ಧಡಧಡ ಇಳಿಯಿತು. ಚರಂಡಿ ಸಿಕ್ಕಿದ್ದೇ ತಡ, ಸ್ಪ್ರಿಂಗ್ ಕುಸಿದು ಕಾರಿನ ಮೂತಿ ನೆಲಕ್ಕೆ ಬಗ್ಗಿತು. ಕೇಬಲ್ ಬಾನೆಟ್ ಮೇಲೆ ಹತ್ತಿತು. ಗಾಜು ಬಿರುಕು ಬಿಟ್ಟಿತು. ಕೇಬಲ್ ಟಾಪನ್ನು ಕರಕರ ಕೆರೆಯಿತು...

ನಾವು ಆಚೆ!

ಹಿಂದೆಯೇ ಜೀಪು. ಆದರೆ ಅದರ ಬಂಪರ್ ಎತ್ತರ ನೋಡಿ... ಕೇಬಲ್ ಗಬಕ್ಕನೆ ಹಿಡಿಯಿತು! ಮುಂದಿನ ಚಕ್ರಗಳು ಗಾಳಿಯಲ್ಲಿ. ಎರಡೂ ಬಾಗಿಲಿಗೆ ಕೇಬಲ್ ಬಿಗಿದು ಕಂಟ್ರಾಕ್ಟರ್ ಒಳಗೇ ಬಂದಿ.

ಮೇಡಂ ತಮ್ಮ ತಲೆ ಮುಟ್ಟಿ ನೋಡಿಕೊಂಡರು. ಇತ್ತು. ಆಮೇಲೆ ಬಿದ್ದೂ ಬಿದ್ದೂ ನಕ್ಕರು.

"ನಿಮ್ಮ ಭಾವನ ತಪ್ಪಿಲ್ಲ ರೀ. ಈ ಕಂಬಗಳನ್ನೆಲ್ಲ ಕೀಳಿಸಿ ಅಂಚಿಗೆ ಹಾಕಿಸ್ತೀನಿ. ಲೈಸೆನ್ಸ್ ನಾಳೇನೇ ವಾಪಸ್!"

ನನಗೆ ರಸ್ತೆಯಲ್ಲೇ ಕುಣಿಯುವಷ್ಟು ಖುಷಿ. ಅಕ್ಕನ ಮುಖ ಕಣ್ಮುಂದೆ ಬಂತು.

"ಲೋ... ಮೊದ್ಲು ನನ್ನ ಇಳಿಸ್ರೋ!" ಜೀಪಿನಿಂದ ಕೂಗು.

"ಅವಸರ ಯಾಕಣ್ಣ? ನಿನ್ನ ಇಳಿಸೋಕೆ ಕ್ರೇನ್ ಬೇಕು. ಕ್ರೇನಿಗೆ ನಮ್ಮ ಭಾವ ಬೇಕು. ಭಾವನಿಗೆ ಲೈಸೆನ್ಸ್ ಬೇಕು... ನಾಳೆ ಆಫೀಸ್ ತೆಗೆಯೋವರೆಗೂ ಆರಾಮಾಗಿ ಕೂತಿರು!"