ಎಂಟು ಮಿಲಿಮೀಟರಿನ ನಾಜಲ್

ನನ್ನ ತಂಗಿ ಗುಲ್ಫಶಾ, ಚಂದ್ರಕಲಾ ಮೇಡಂ ಮನೆಗೆ ಬಂದಾಗ ಅವಳ ಕೈಯಲ್ಲಿ ಟಿಫಿನ್ ಡಬ್ಬಿ ಇತ್ತು. ಪೊಲೀಸರು ಹಿಡಿದು ಠಾಣೆಯಲ್ಲಿಟ್ಟಿದ್ದ ಗಂಡನಿಗೆ ಅದನ್ನು ಒಯ್ದಿದ್ದಳು. ಅವನು ಮುಚ್ಚಳ ತೆಗೆಯದೆ ವಾಪಸು ಕಳಿಸಿದ್ದ.

"ಮೇಡಂ, ನನ್ನ ಗಂಡ ಕೊಲಿ ಮಾಡೋ ಮನುಷ್ಯಾ ಅಲ್ರಿ," ಎಂದಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಚಂದ್ರಕಲಾ ಮೇಡಂ ರಾಯಚೂರಿನಲ್ಲಿ ಮೂವತ್ತು ವರ್ಷ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾದವರು. ಯಂತ್ರ ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ಹೋದ ವರ್ಷ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಬೆಂಕಿ ಬಿದ್ದಾಗ ಒಂದು ಸುಟ್ಟ ಬೇರಿಂಗ್ ನೋಡಿಯೇ ಬೆಂಕಿ ಹಚ್ಚಿದವನನ್ನು ಹಿಡಿದುಕೊಟ್ಟರು. ಆಮೇಲೆ ಪೊಲೀಸರೂ ಅವರ ಮನೆಯ ಚಹಾ ಕುಡಿಯತೊಡಗಿದರು. ನಾನು ಮುಷರ್ರಫ್, ಅವರ ಹಳೆಯ ವಿದ್ಯಾರ್ಥಿ. ಫಿಟ್ಟರ್ ಆಗಲಾರದೆ ಆಟೊ ಹಿಡಿದೆ. ಇಂಥ ಕೆಲಸಗಳಿಗೆ ಅವರು ಹೊರಟಾಗೆಲ್ಲ ನನ್ನ ಆಟೊವೇ ಹೋಗುತ್ತಿತ್ತು. ಆದರೆ ಈ ಸಲ ಕಂಬಿಯ ಹಿಂದೆ ಇದ್ದವನು ನನ್ನ ತಂಗಿಯ ಗಂಡ ಅಲ್ತಾಫ್.

ಆದದ್ದು ಇಷ್ಟು. ಕಲ್ಮಲದ ಹತ್ತಿರ ಕನಕರಾಯ ಎಂಬವರ ಸ್ಯಾಂಡ್ ಬ್ಲಾಸ್ಟಿಂಗ್ ಯಾರ್ಡ್ ಇದೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಗಾಳಿಯ ರಭಸದಲ್ಲಿ ಮರಳು ಹೊಡೆದು ಬೆಳ್ಳಗೆ ಮಾಡುವುದು ಅಲ್ಲಿನ ಕೆಲಸ. ಮಾನ್ವಿಯ ಒಂದು ಅಕ್ಕಿ ಗಿರಣಿಯವರು ಭತ್ತ ನೆನೆಸುವ ದೊಡ್ಡ ತೊಟ್ಟಿಯೊಂದನ್ನು ಅಲ್ಲಿಗೆ ಕಳಿಸಿದ್ದರು. ಅದರೊಳಗೆ ಇಳಿದು ಮರಳು ಹೊಡೆಯುತ್ತಿದ್ದ ಬೀರೇಶ ಹೊರಗೆ ಬಂದದ್ದು ಹೆಣವಾಗಿ. ತಲೆಗೆ ಹಾಕಿದ ಟೋಪಿಯೊಳಗೆ ಉಸಿರಾಟದ ಗಾಳಿಯ ಜೊತೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬಂದಿತ್ತೆಂದು ವೈದ್ಯರು ಬರೆದರು. ಆ ಗಾಳಿ ಬಂದದ್ದು ಗಾಳಿಯನ್ನು ಒತ್ತಿ ಕಳಿಸುವ ಯಂತ್ರದಿಂದ, ಎಂದರೆ ಕಂಪ್ರೆಸರಿನಿಂದ. ಕಂಪ್ರೆಸರ್ ನಡೆಸುತ್ತಿದ್ದವನು ಅಲ್ತಾಫ್. ಅತಿಯಾಗಿ ಕಾದರೆ ಯಂತ್ರವನ್ನು ತಾನೇ ನಿಲ್ಲಿಸುವ ಸ್ವಿಚ್ಚಿಗೆ ಯಾರೋ ತಂತಿ ಸುತ್ತಿ ಅದು ಕೆಲಸ ಮಾಡದಂತೆ ಮಾಡಿದ್ದರು. ಹಿಂದಿನ ದಿನ ಅಲ್ತಾಫನಿಗೂ ಬೀರೇಶನಿಗೂ ಜಗಳವಾದದ್ದನ್ನು ಎಲ್ಲರೂ ಕೇಳಿದ್ದರು. ಪೊಲೀಸರಿಗೆ ಅಷ್ಟು ಸಾಕಾಯಿತು.

"ನಾ ನೋಡ್ತೀನಿ," ಎಂದರು ಮೇಡಂ. "ಆದ್ರ ಒಂದು ಮಾತು, ಗುಲ್ಫಶಾ. ಹುಡುಕಿದ ಮ್ಯಾಲ ಸಿಕ್ಕಿದ್ದು ನಿನಗ ಬ್ಯಾಡ ಅನ್ನಿಸಿದ್ರೂ ನಾ ಮುಚ್ಚಿಡಂಗಿಲ್ಲ."

"ಮುಚ್ಚಿಡೂದೇನದರಿ ಮೇಡಂ. ಖರೇ ಹೊರಗ ಬಂದ್ರ ಅಂವಾ ಮನಿಗಿ ಬರ್ತಾನ," ಎಂದಳು ನನ್ನ ತಂಗಿ.

ಯಾರ್ಡಿನಲ್ಲಿ ನಮ್ಮನ್ನು ಎದುರುಗೊಂಡವನು ಸಾಬಣ್ಣ, ಅಲ್ಲಿನ ಸೂಪರ್‌ವೈಸರ್. ಐವತ್ತರ ಆಸುಪಾಸು. ನಾಲ್ಕು ಮಾತಿಗೊಮ್ಮೆ ಕೆಮ್ಮಿ, ಎದೆ ಹಿಡಿದು ನಿಲ್ಲುತ್ತಿದ್ದ. "ಹದಿನಾರು ವರ್ಷ ನಾನೂ ಇದ ಮರಳು ಹೊಡದಾಂವರಿ. ಈಗ ಎದಿ ಕೇಳಂಗಿಲ್ಲ," ಎಂದ. ಬೀರೇಶ ಹಿಡಿದಿದ್ದ ರಬ್ಬರ್ ಪೈಪು ತೊಟ್ಟಿಯ ಹೊರಗೆ ಸುರುಳಿಯಾಗಿ ಬಿದ್ದಿತ್ತು. ಅದರ ತುದಿಯಲ್ಲಿ ಗೇಣುದ್ದದ ನಾಜಲ್. ಮರಳು ಹೊರಗೆ ಚಿಮ್ಮುವುದು ಆ ಮೂತಿಯಿಂದ.

"ಬೋರಾನ್ ಕಾರ್ಬೈಡ್ ನಾಜಲ್ರಿ ಇದು," ಎಂದ ಸಾಬಣ್ಣ. "ಸಿರಾಮಿಕ್, ಅಂದ್ರ ಪಿಂಗಾಣಿದು ಆದ್ರ ಎರಡು ದಿನಕ್ಕ ತೂತು ದೊಡ್ಡದಾಗ್ತದ. ಇದು ತಿಂಗಳಗಟ್ಲೆ ಬಾಳಿಕಿ ಬರ್ತದ. ಮೂರು ತಿಂಗಳಿಂದ ಬೀರೇಶ ಇದನ್ನ ಬಳಸ್ತಿದ್ದ."

ಮೇಡಂ ಚೀಲದಿಂದ ವರ್ನಿಯರ್ ತೆಗೆದು ತೂತು ಅಳೆದರು. ಸರಿಯಾಗಿ ಎಂಟು ಮಿಲಿಮೀಟರ್. ನಾಜಲನ್ನು ಬಿಚ್ಚಿ ಅದರ ಹಿತ್ತಾಳೆಯ ಮರೆಯನ್ನು, ಎಂದರೆ ತಿರುಗಿಸಿ ಕೂಡಿಸುವ ಗೆರೆಗಳನ್ನು, ನೋಡಿದರು, ನನಗೂ ತೋರಿಸಿದರು. ಅದು ಹೊಳೆಯುತ್ತಿತ್ತು. ನಾಜಲ್ ಕೂಡುವ ಪೈಪಿನ ಬಾಯಿಯ ಮರೆಯಲ್ಲಿ ಮಾತ್ರ ಕೆಂಪು ಮರಳಿನ ಪುಡಿ ಗಟ್ಟಿಯಾಗಿ ಕೂತಿತ್ತು.

ಮರಳು ತುಂಬುವ ಅಂಬರೇಶ ಖಾಲಿ ಚೀಲಗಳ ರಾಶಿಯ ಪಕ್ಕದಲ್ಲಿ ಕೂತಿದ್ದ. ಪೊಲೀಸರು ಏನನ್ನೂ ಮುಟ್ಟಬೇಡಿ ಎಂದಿದ್ದರಿಂದ ಅಂದಿನ ರಾಶಿ ಹಾಗೇ ಇತ್ತು. ನಾವು ಎಣಿಸಿದೆವು. ನಲವತ್ತು ಚೀಲ.

"ಎಷ್ಟೊತ್ತಿನ ಕೆಲಸ?" ಮೇಡಂ ಕೇಳಿದರು.

"ಎಂಟಕ್ಕ ಚಾಲೂ ಮಾಡಿದ್ವಿ. ಹನ್ನೊಂದಕ್ಕ ಮರಳಿನ ಸಪ್ಪಳ ನಿಂತ್ತು. ಪೈಪಿನ ಹಿಡಿ ಬಿಟ್ರ ಮರಳು ತಾನ ನಿಲ್ಲತದರಿ. ದಣಿವು ಆರಿಸ್ಕೊಳ್ಳಾಕತ್ತಾನ ಅನ್ಕೊಂಡೆ. ಕೂಗಿದ್ರೂ ಓಗೊಡಲಿಲ್ಲ. ಇಣುಕಿ ನೋಡಿದ್ರ ಬಿದ್ದಿದ್ದ."

"ಆಮ್ಯಾಲ?"

"ಸಾಬಣ್ಣ ಓಡಿ ಬಂದು, ಒಳಗ ಗ್ಯಾಸ್ ಅದ, ಯಾರೂ ಇಳೀಬ್ಯಾಡ್ರಿ ಅಂದ. ನನ್ನ ರಸ್ತೆಗಿ ಗಾಡಿ ನಿಲ್ಲಸಾಕ ಕಳಿಸಿದ. ಅಲ್ತಾಫನ್ನ ಹಗ್ಗ ತರಾಕ ಹಿಂದಿನ ಶೆಡ್ಡಿಗಿ ಕಳಿಸಿದ. ಅಲ್ಲಿ ಹಗ್ಗ ಇರಲಿಲ್ಲಂತ, ಅಂವಾ ಬಾಜೂ ಹೊಲಕ್ಕ ಹೋಗಿ ತಂದ. ನಾವು ತಿರುಗಿ ಬರೂದ್ರಾಗ ಹದಿನೈದು ನಿಮಿಷ ಆಗಿತ್ರಿ. ಪೈಪು ಹೊರಗ ಬಂದಿತ್ತು, ಬೀರೇಶ ಇನ್ನ ಒಳಗ ಇದ್ದ."

ಅಷ್ಟರಲ್ಲಿ ಕನಕರಾಯ ಬಂದು ನಮ್ಮನ್ನು ಆಫೀಸಿಗೆ ಕರೆದ. ಬೀರೇಶ ಸತ್ತಾಗ ತಾನು ಮಾನ್ವಿಯ ಗಿರಣಿಯಲ್ಲಿದ್ದೆ, ಸಂಜೆಯೇ ಬಂದದ್ದು ಎಂದ. ಒಳ್ಳೆಯ ನಾಜಲ್ ತರಿಸಿದ್ದಕ್ಕೆ ಪುರಾವೆ ತೋರಿಸಲು ಬೀರು ತೆರೆದ. ಕಾಗದಗಳ ಹಿಂದೆ ಸಣ್ಣದೊಂದು ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಒಳಗೆ ಸ್ಪಂಜಿನಲ್ಲಿ ನಾಜಲಿನ ಆಕಾರದ ಗುಳಿ. ನಾಜಲ್ ಇರಲಿಲ್ಲ.

"ಈ ಬೀರುವಿನ ಕೀಲಿ ಯಾರ್ಯಾರ ಹತ್ರ ಅದಾವು?"

"ಒಂದು ನನ್ನ ಹತ್ರ. ಒಂದು ಸಾಬಣ್ಣನ ಹತ್ರ. ಯಾಕ್ರಿ?"

"ಹಂಗ ಕೇಳಿದೆ," ಎಂದರು ಮೇಡಂ.

ಮಧ್ಯಾಹ್ನ ದೇವದುರ್ಗ ತಾಲೂಕಿನ ಮಸರಕಲ್ಲಿಗೆ ಹೋದೆವು. ಬೀರೇಶನ ಹೆಂಡತಿ ಕರೆಮ್ಮ ಕುರಿಹಟ್ಟಿಯ ಮುಂದೆ ಕೂತಿದ್ದಳು. ಮರಿಗಳು ಹಸಿದು ಒದರುತ್ತಿದ್ದವು. ಅವಳಿಗೆ ಕೇಳಿಸಿದಂತಿರಲಿಲ್ಲ. ಆರೋಪಿಯ ಸಂಬಂಧಿ ನಾನು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಮೇಡಂ ಅವರೇ ಹೇಳಿದರು. ಕರೆಮ್ಮ ನನ್ನ ಮುಖ ನೋಡಿ, "ನೀರು ಕುಡೀತೀರೇನ್ರಿ," ಎಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಕೆಲಸದ ಬಗ್ಗೆ ಏನರ ಹೇಳ್ತಿದ್ನೇನವ್ವಾ?" ಮೇಡಂ ಕೇಳಿದರು.

"ಹೋದ ಐತವಾರ ಬಂದಿದ್ದ. ಉಣ್ಣಾಕ ಕುಂತಾಗ ಕೈ ನಡಗಾಕತ್ತಿದ್ವು. ಏನಾತು ಅಂದೆ. ನಾಜಲ್ ತೂತು ದೊಡ್ಡದಾಗೇದ, ಪೈಪು ಹಿಡಿಯಾಕಾಗವಲ್ದು, ಕಿರುಬಳ್ಳು ಹೋಗದಲ್ಲಿ ಈಗ ತೋರಬಳ್ಳು ಹೋಗ್ತದ ಅಂದ. ಬದಲಿ ಮಾಡ್ರಿ ಅಂತ ಕೇಳಿ ಕೇಳಿ ಸಾಕಾಗೇದ ಅಂದ." ಅವಳು ತನ್ನ ತೋರುಬೆರಳನ್ನು ನೋಡಿಕೊಂಡಳು. "ಈ ವಾರ ಹೋಗಬ್ಯಾಡ ಅನಬೇಕಿತ್ರಿ ನಾನು. ಅನಲಿಲ್ಲ."

ವಾಪಸು ಬರುವಾಗ ಮೇಡಂ ಸಬ್ ಇನ್ಸ್‌ಪೆಕ್ಟರ್ ಭಾಗ್ಯಜ್ಯೋತಿ ಅವರಿಗೆ ಫೋನ್ ಮಾಡಿದರು. ಕನಕರಾಯ ಅಂದು ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ಮಾನ್ವಿಯಲ್ಲೇ ಇದ್ದದ್ದು ಗಿರಣಿಯ ಕ್ಯಾಮೆರಾದಲ್ಲಿತ್ತು. "ನಾಳೆ ಎಲ್ಲಾರನ್ನೂ ಯಾರ್ಡಿಗೆ ಕರೀರಿ," ಎಂದರು ಮೇಡಂ. "ಎರಡು ಜರಡಿನೂ ತರ್ರಿ."

ಮರುದಿನ ಹನ್ನೊಂದು ಗಂಟೆಗೆ ತೊಟ್ಟಿಯ ನೆರಳಲ್ಲಿ ಎಲ್ಲರೂ ಸೇರಿದೆವು. ಅಲ್ತಾಫನನ್ನು ಇಬ್ಬರು ಪೇದೆಗಳು ಕರೆತಂದಿದ್ದರು. ಗುಲ್ಫಶಾ ನನ್ನ ತೋಳು ಹಿಡಿದುಕೊಂಡಿದ್ದಳು. ಕರೆಮ್ಮ ದೂರದಲ್ಲಿ ನೆಲದ ಮೇಲೆ ಕೂತಳು.

"ಎಲ್ಲಾರೂ ಕೇಳಿದ್ದು, ಸ್ವಿಚ್ಚಿಗೆ ತಂತಿ ಸುತ್ತಿದವರು ಯಾರು ಅಂತ," ಮೇಡಂ ಶುರು ಮಾಡಿದರು. "ಕಂಪ್ರೆಸರ್ ಅಷ್ಟು ಯಾಕ ಕಾದ್ತು ಅಂತ ಯಾರೂ ಕೇಳಲಿಲ್ಲ. ಅದು ಎಂಟು ಮಿಲಿಮೀಟರಿನ ನಾಜಲ್ಲಿಗೆ ಸಾಕಾಗೋ ಯಂತ್ರ. ತೂತು ದೊಡ್ಡದಾದಂಗ ಗಾಳಿ ಹೆಚ್ಚು ಬೇಕು. ಒಂದು ಮಟ್ಟ ದಾಟಿದ್ರ ಯಂತ್ರ ಬಿಡುವಿಲ್ಲದ ದುಡೀತದ, ಕಾಯ್ತದ. ಒಳಗಿನ ಎಣ್ಣಿ ಸುಟ್ಟು ವಿಷಗಾಳಿ ಆಗ್ತದ. ಬೀರೇಶನ ಟೋಪಿಗೂ ಅದ ಯಂತ್ರದ ಗಾಳಿನ ಹೋಗ್ತಿತ್ತು."

"ತೂತು ದೊಡ್ಡದಿಲ್ಲಲ್ರಿ," ಎಂದ ಕನಕರಾಯ. "ನೀವ ಅಳದೀರಿ."

"ಅಳದೀನಿ. ಎಂಟು ಮಿಲಿಮೀಟರಿನ ನಾಜಲ್ ತಾಸಿಗೆ ಏಳು ಚೀಲ ಮರಳು ತಿಂತದ. ಮೂರು ತಾಸಿಗೆ ಇಪ್ಪತ್ತೊಂದು. ಆದ್ರ ಖಾಲಿಯಾಗಿದ್ದು ನಲವತ್ತು. ಆ ದಿನ ಮರಳು ಹೊಡದದ್ದು ಈ ನಾಜಲ್ ಅಲ್ಲ. ಪೈಪಿನ ಮರೆಯೊಳಗ ಪುಡಿ ಕೂತದ, ನಾಜಲಿನ ಮರೆ ತೊಳದಂಗ ಅದ. ಮೂರು ತಿಂಗಳು ಬಳಸಿದ್ದು ಹಂಗಿರಂಗಿಲ್ಲ. ಬೀರೇಶ ಬಿದ್ದ ಮ್ಯಾಲ ಯಾರೋ ಹಳೇದು ತೆಗೆದು ಹೊಸಾದು ಹಾಕ್ಯಾರ."

ಮೇಡಂ ಆಫೀಸಿನ ಕಡೆಗೆ ಕೈ ತೋರಿಸಿದರು.

"ಹೊಸಾದು ಇದ್ದದ್ದು ಬೀರುವಿನ ಪೆಟ್ಟಿಗ್ಯಾಗ. ಕೀಲಿ ಇಬ್ಬರ ಹತ್ರ. ಕನಕರಾಯರು ಮಾನ್ವಿಯೊಳಗಿದ್ರು. ಅಂಬರೇಶ ರಸ್ತೆಯೊಳಗಿದ್ದ. ಅಲ್ತಾಫ ಇಲ್ಲದ ಹಗ್ಗ ಹುಡುಕಾಕತ್ತಿದ್ದ. ಹದಿನೈದು ನಿಮಿಷ ಇಲ್ಲಿ ಒಬ್ಬನ ಇದ್ದ. ಕೆಮ್ಮಿನ ಮನುಷ್ಯಾ ದೂರ ಓಡಂಗಿಲ್ಲ. ಹಂಗಾಗಿ ಹಳೇ ನಾಜಲ್ ಇಲ್ಲೇ ಎಲ್ಲೋ ಅದ. ಮುಂದಿನ ವಾರ ಲಾರಿ ತುಂಬಿಕೊಂಡು ಹೋಗೋ ಜಾಗ ಅಂದ್ರ ಆ ಬಳಸಿದ ಮರಳಿನ ರಾಶಿ."

ಪೇದೆಗಳೂ ಅಂಬರೇಶನೂ ಜರಡಿ ಹಿಡಿದರು. ಅರ್ಧ ತಾಸು ಬೇಕಾಯಿತು. ಸಿಕ್ಕಿದ್ದು ಬಿಳಿಯ ಸಿರಾಮಿಕ್ ನಾಜಲ್. ಒಂದು ಬದಿ ಸೀಳಿತ್ತು. ಮೇಡಂ ಅಳೆದರು. ಹದಿಮೂರೂವರೆ ಮಿಲಿಮೀಟರ್.

ಸಾಬಣ್ಣ ತಾನಾಗಿಯೇ ನೆಲಕ್ಕೆ ಕೂತ. ಬಹಳ ಹೊತ್ತು ಕೆಮ್ಮಿದ. "ಬೋರಾನ್ ತುಟ್ಟಿ ಮಾಲು, ಕೆಳಗ ಬಿದ್ರ ಒಡೀತದರಿ," ಎಂದ. "ಒಡದ್ರ ನಿನ್ನ ಕೆಲಸ ಹೋತು ತಿಳಕೋ ಅಂದಿದ್ರು ಧಣಿ. ಗಿರಣಿ ಇಂಜಿನಿಯರ್ ನೋಡಾಕ ಬಂದಾಗ ಅಷ್ಟ ಅದನ್ನ ಬೀರುದಿಂದ ಹೊರಗ ತೆಗೀತಿದ್ವಿ. ಬೀರೇಶ ಸಿರಾಮಿಕ್ಕರ ಹೊಸಾದು ಕೊಡು ಅಂದ. ತರಸ್ತೀನಿ ಅಂತ ಹೇಳ್ತಾ ಹೋದೆ. ಎದಿ ಹೋದ ಮ್ಯಾಲ ನನಗ ಬ್ಯಾರೆ ಯಾರು ಕೆಲಸ ಕೊಡ್ತಾರ್ರಿ."

ಕನಕರಾಯ ಬೇರೆ ಕಡೆ ನೋಡಿದ. "ಜ್ವಾಕಿಯಿಂದ ಬಳಸ್ರಿ ಅಂದಿದ್ದೆ ಅಷ್ಟ," ಎಂದ. ಅದಕ್ಕಿಂತ ಹೆಚ್ಚು ಅವನಿಂದ ಹೊರಡಿಸಲು ಭಾಗ್ಯಜ್ಯೋತಿಯವರಿಗೂ ಆಗಲಿಲ್ಲ.

"ಪೈಪು ಮೊದಲು ಹೊರಗ ಎಳದಿ," ಎಂದರು ಮೇಡಂ ಸಾಬಣ್ಣನಿಗೆ. "ಮನುಷ್ಯಾನ್ನ ಆಮ್ಯಾಲ. ಅಂವಾ ಸತ್ತಿದ್ದ ಅಂತ ನಿನಗ ಹೆಂಗ ಗೊತ್ತಾತು?"

"ಸತ್ತಾನ ಅನ್ಕೊಂಡೆ."

"ನೋಡಿದ್ಯಾ?"

"ಇಲ್ರಿ," ಎಂದ ಸಾಬಣ್ಣ. "ನೋಡಲಿಲ್ಲ."

ಗುಲ್ಫಶಾಳ ಹಿಡಿತ ಸಡಿಲವಾಯಿತು. ಗಂಡನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಮೇಡಂ ಕೈ ಅಡ್ಡ ಹಿಡಿದರು. ಇಷ್ಟು ವರ್ಷದಲ್ಲಿ ಅವರ ಮುಖ ಅಷ್ಟು ದಣಿದದ್ದನ್ನು ನಾನು ಕಂಡಿರಲಿಲ್ಲ.

"ಇನ್ನೊಂದು ಉಳದದ. ಆ ಸ್ವಿಚ್ಚಿದ್ದದ್ದು ಮುಚ್ಚಿದ ಪೆಟ್ಟಿಗ್ಯಾಗ. ಅದನ್ನ ಬಿಚ್ಚೂದು ಅಂಬರೇಶಗ ಬರಂಗಿಲ್ಲ, ಸಾಬಣ್ಣಗೂ ಬರಂಗಿಲ್ಲ. ತಂತಿ ಸುತ್ತಿದ ಕೈ ಪಳಗಿದ ಕೈ. ಅಲ್ತಾಫ, ನೀನ ಹೇಳ್ತೀಯಾ, ನಾ ಹೇಳ್ಲೇನು?"

ಅಲ್ತಾಫ್ ತಲೆ ತಗ್ಗಿಸಿದ. "ನಾನ ಸುತ್ತಿದೆ," ಎಂದ. "ಒಂಬತ್ತು ಗಂಟೆಯೊಳಗ ಮೂರು ಸಲ ಯಂತ್ರ ಬಂದ್ ಬಿತ್ತು. ಹಿಂದಿನ ದಿನಾನೂ ಹಂಗ ಬಿದ್ದು ಬೀರೇಶ ನನಗ ಬೈದಿದ್ದ, ನಿನ್ನ ಯಂತ್ರ ಸರಿಯಿಲ್ಲ, ಕೆಲಸ ಮುಗಿಯವಲ್ದು ಅಂತ. ಅವತ್ತು ಮುಗಿಸಾಕ ಬೇಕು ಅಂತ ಸಾಬಣ್ಣ ನಿಂತಿದ್ದ. ಒಂದ ದಿನದ ಮಾತಲ್ಲಾ, ನಡೀತದ ಅನ್ಕೊಂಡೆ. ವಿಷ ಆಗ್ತದಂತ ಖರೇನ ಗೊತ್ತಿರಲಿಲ್ಲ, ಮೇಡಂ."

ಗುಲ್ಫಶಾ ಅಲ್ಲೇ ನಿಂತುಬಿಟ್ಟಳು.

"ಬೇಕಂತ ಕೊಂದ ಅನ್ನೋ ಮಾತು ಇನ್ನ ನಿಲ್ಲಂಗಿಲ್ಲ," ಎಂದರು ಭಾಗ್ಯಜ್ಯೋತಿ ಮೆಲ್ಲಗೆ. "ಆದ್ರ ನಿರ್ಲಕ್ಷ್ಯದ ಸಾವು ಅಂತ ಸಾಬಣ್ಣ, ಅಲ್ತಾಫ ಇಬ್ಬರ ಮ್ಯಾಲೂ ಹಾಕಬೇಕಾಗ್ತದ. ಅಲ್ತಾಫನ್ನ ಈಗ ಬಿಡಾಕ ನನ್ನ ಕೈಲಿಲ್ಲ."

ಕರೆಮ್ಮ ಎದ್ದು ಮೇಡಂ ಹತ್ತಿರ ಬಂದಳು. "ಮೊದಲ ಅಂವನ್ನ ಎಳದಿದ್ರ ಉಳೀತಿದ್ನೇನ್ರಿ?"

"ಗೊತ್ತಿಲ್ಲವ್ವಾ. ಡಾಕ್ಟರ್‌ಗೂ ಕೇಳಿದೆ. ಹೇಳಾಕ ಬರಂಗಿಲ್ಲ ಅಂದ್ರು."

ಜೀಪು ಇಬ್ಬರನ್ನೂ ಕರೆದೊಯ್ದ ಮೇಲೆ ಅಲ್ಲಿ ಉಳಿದದ್ದು ನನ್ನ ಆಟೊ ಒಂದೇ. ಕರೆಮ್ಮನನ್ನು ರಾಯಚೂರು ಬಸ್ ನಿಲ್ದಾಣಕ್ಕೆ ಮುಟ್ಟಿಸಬೇಕಿತ್ತು. ಹಿಂದಿನ ಸೀಟಿನಲ್ಲಿ ಮೇಡಂ ಒಂದು ತುದಿಗೆ, ಕರೆಮ್ಮ ಇನ್ನೊಂದು ತುದಿಗೆ. ನಡುವೆ ಗುಲ್ಫಶಾ.

ದೇವದುರ್ಗದ ಬಸ್ಸು ಹೊರಡುವ ಹೊತ್ತಾಗಿತ್ತು. ಮೆಟ್ಟಿಲು ಹತ್ತಿದ ಕರೆಮ್ಮ ತಿರುಗಿ ಗುಲ್ಫಶಾಳನ್ನು ಕರೆದಳು.

"ನಿನ್ನ ಗಂಡ ಬಿಡುಗಡೆ ಆದ ಮ್ಯಾಲ ಒಮ್ಮೆ ಮಸರಕಲ್ಲಿಗಿ ಕರಕೊಂಡು ಬಾರವ್ವಾ," ಎಂದಳು. "ಆ ದಿನ ಮುಂಜಾನೆ ಅವರಿಬ್ಬರೂ ಕೂಡಿ ಚಹಾ ಕುಡದಾರಂತ ಅಂಬರೇಶ ಅಂದ. ನಮ್ಮಂವಾ ಏನು ಮಾತಾಡಿದ್ದ ಅಂತ ಕೇಳಬೇಕು. ಮತ್ತ ಯಾರಿಗೂ ಗೊತ್ತಿಲ್ಲ ಅದು."

ಹೂಂ ಎನ್ನುವಂತೆ ಗುಲ್ಫಶಾ ಕೈ ಮುಗಿದಳು. ಬಸ್ಸು ಹೋದ ಮೇಲೂ ಅಲ್ಲೇ ನಿಂತಿದ್ದಳು. ನಾನು ಕರೆಯಲು ಹೊರಟೆ. ಮೇಡಂ ಬೇಡವೆಂದು ತಲೆಯಾಡಿಸಿದರು. ನಾವಿಬ್ಬರೂ ಆಟೊದಲ್ಲಿ ಕೂತು ಅವಳಿಗಾಗಿ ಕಾದೆವು.