ಏಳು ಟೇಕಿನ ವೀಳ್ಯ

"ಶಾಫಿಚ್ಚಾ, ಕುತ್ತಿಗೆ ಅಲ್ಲಾಡಿಸ್ಬೇಡಿ!"

ಅಲ್ಲಾಡಿಸುವ ಧೈರ್ಯ ಯಾರಿಗಿತ್ತು! ಗಂಟಲಿನ ಪಕ್ಕದಲ್ಲೇ ಒಂದಡಿ ಉದ್ದದ ಕತ್ತರಿ... ಬಾಯಿ ತೆರೆದುಕೊಂಡಿತ್ತು.

ಹಿಡಿದವಳು ಸಮೀಕ್ಷಾ. ಸುಳ್ಯದಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು. ಬೆಳ್ಳಾರೆಯ ನಮ್ಮ ಶೂಟಿಂಗಿಗೆ ಬೆಳಿಗ್ಗೆಯೇ ನುಗ್ಗಿದ್ದಳು.

"ಭಾನುವಾರ ಯತಿನಿಗೂ ನನಗೂ ನಿಶ್ಚಯ. ಗೊತ್ತುಂಟಲ್ಲ?"

"ಉಂಟು..."

"ಮತ್ತೆ ನಿನ್ನೆ ಅವನಿಗೆ ಬೇರೆ ಹುಡುಗಿಯೊಟ್ಟಿಗೆ ನಿಶ್ಚಯ ಮಾಡಿಸಿದ್ದು ಯಾರು?"

"ಅದು ಸಿನಿಮಾ ಮಾರಾಯ್ತಿ!"

"ಗುರಿಕಾರ್ರು ಸಿನಿಮಾದವರಾ?"



ನಾನು ಶಾಫಿ. ಈಶ್ವರಮಂಗಲದವನು. ಸಿನಿಮಾದವರಿಗೆ ಮನೆ, ಜೀಪು, ಜನ... ಕೇಳಿದ್ದನ್ನು ಒದಗಿಸುವುದು ನನ್ನ ಕೆಲಸ. ಈ ಸಲದ್ದು ಹಳೇ ಕಾಲದ ಕತೆ. ನಾಟಕ ಕಂಪನಿಯ ಡ್ಯಾನ್ಸರ್ ಚಂಚಲಾಬಾಯಿ. ಅವಳಿಗಾಗಿ ಪಟೇಲರ ಮಗನೂ ಎಸ್ಟೇಟಿನ ಯಜಮಾನನೂ ಹೊಡೆದಾಡುತ್ತಾರೆ. ಚಂಚಲಾಬಾಯಿ ಆದವಳು ಬೆಂಗಳೂರಿನ ಪ್ರೀತಿಕಾ. ಪಟೇಲರ ಮಗ ನಮ್ಮ ಯತಿನ್. ಎಸ್ಟೇಟಿನ ಯಜಮಾನ ಕಡಬದ ಷಿಂಟೋ. ಹಳೇ ಜೀಪು ಅವನದ್ದು, ಹಾಗಾಗಿ ಪಾತ್ರವೂ ಅವನದ್ದೇ!

ನಿಶ್ಚಯದ ಸೀನಿಗೆ ಅಸಲಿ ಮನುಷ್ಯನೇ ಬೇಕೆಂದು ಡೈರೆಕ್ಟರ್ ಹಟ ಹಿಡಿದರು. ತ್ಯಾಂಪಣ್ಣ ಗುರಿಕಾರರನ್ನು ಕರೆತಂದೆ. ಊರಿನ ಯಾವ ನಿಶ್ಚಯಕ್ಕೂ ಹುಡುಗ, ಹುಡುಗಿಯ ಹೆಸರು ಹೇಳಿ ವೀಳ್ಯದ ಹರಿವಾಣ ಬದಲಾಯಿಸುವವರು ಅವರೇ.

ಅಲ್ಲೇ ಎಡವಟ್ಟಾಯಿತು!

"ವೀಳ್ಯ ಕೈಯಲ್ಲಿ ಹಿಡಿದು ಸುಳ್ಳು ಹೆಸರು ಹೇಳ್ಲಿಕ್ಕೆ ನನ್ನಿಂದಾಗುದಿಲ್ಲ" ಎಂದವರೇ ಯತಿನ್, ಪ್ರೀತಿಕಾ ಎಂದು ನಿಜವಾದ ಹೆಸರುಗಳನ್ನೇ ಕೂಗಿದರು. "ಡಬ್ಬಿಂಗಲ್ಲಿ ಸರಿ ಮಾಡೋಣ ಬಿಡಿ" ಎಂದರು ಡೈರೆಕ್ಟರ್. ಸಂಜೆಯೊಳಗೆ ವಿಡಿಯೋ ವಾಟ್ಸಾಪಿನಲ್ಲಿ ಪುತ್ತೂರು ದಾಟಿತ್ತು.

ಕತ್ತರಿಯ ಸಮೇತ ಸಮೀಕ್ಷಾಳನ್ನು ತ್ಯಾಂಪಣ್ಣನ ಮನೆಗೆ ಕರೆದುಕೊಂಡು ಹೋದೆ.

"ಒಂದು ಸಲ ಆಗಿದ್ರೆ ತಮಾಷೆ ಅಂತ ಬಿಡ್ಬಹುದಿತ್ತು ಮಾರಾಯ. ಏಳು ಟೇಕು! ಏಳು ಸಲ ನಿಶ್ಚಯ ಆಗಿದೆ!"

"ಬಿಡಿಸುದು ಹೇಗೆ?"

"ಆ ಹುಡುಗಿ ಅದೇ ಜನರೆದುರು ವೀಳ್ಯ ಹಿಂದೆ ಕೊಡ್ಲಿ. ಯತಿನ್ ತಗೊಂಡು, ಸಂಬಂಧ ಬೇಡ ಅಂತ ಬಾಯಿಬಿಟ್ಟು ಹೇಳ್ಲಿ. ಅದಾಗದೆ ಭಾನುವಾರ ನಾನು ಹರಿವಾಣ ಮುಟ್ಟುದಿಲ್ಲ!"

ಆ ಹುಡುಗಿ ಎಲ್ಲಿ? ಷಿಂಟೋ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ತನ್ನ ಮನೆಯ ಊಟಕ್ಕೆಂದು ಆಗಷ್ಟೇ ಕಡಬಕ್ಕೆ ಹೊರಟಿದ್ದ. ರಾತ್ರಿ ಅವಳಿಗೆ ಮಂಗಳೂರಿನಿಂದ ವಿಮಾನ!

ಸಮೀಕ್ಷಾಳನ್ನು ಕೂರಿಸಿಕೊಂಡು ನನ್ನ ಓಮ್ನಿ ಹಾರಿತು.

ನಿಂತಿಕಲ್ಲು... ಪಂಜ... ತಿರುವಿನಲ್ಲಿ ಜೀಪು ಕಂಡಿತು! ಹಾರ್ನ್ ಹೊಡೆದೆ. ಷಿಂಟೋ ತಿರುಗಿ ನೋಡಿ ಸ್ಪೀಡ್ ಹೆಚ್ಚಿಸಿದ. ನಲವತ್ತು... ನಲವತ್ತೈದು! ಆ ಜೀಪಿಗೆ ಅದಕ್ಕಿಂತ ಹೆಚ್ಚು ಆಗುವುದಿಲ್ಲ. ನನ್ನ ಓಮ್ನಿಗೂ ಆಗುವುದಿಲ್ಲ. ಒಂದು ಸ್ಕೂಟಿ ನಮ್ಮಿಬ್ಬರನ್ನೂ ಓವರ್‌ಟೇಕ್ ಮಾಡಿ ಹೋಯಿತು.

ಷಿಂಟೋನ ಮನೆಯಂಗಳದಲ್ಲಿ ಇಳಿದೆ. ರಬ್ಬರ್ ಟ್ಯಾಪಿಂಗ್ ಕತ್ತಿ ಹಿಡಿದು ಎದುರು ನಿಂತ.

"ಅವಳನ್ನು ಯತಿನಿಗೆ ಕೊಂಡುಹೋಗ್ಲಿಕ್ಕೆ ಬಂದದ್ದಾ? ಹಾಗಾದ್ರೆ ನಾನೆಂತ, ಬರೀ ಡ್ರೈವರಾ?"

"ಕತ್ತಿ ಇಳಿಸು ಪೊಟ್ಟಾ! ಅವನಿಂದ ಬಿಡಿಸ್ಲಿಕ್ಕೆ ಬಂದದ್ದು!"

ಕತ್ತಿ ಇಳಿಯಿತು. ಒಳಗಿನಿಂದ ಅವನ ಅಮ್ಮ ಡೈಸಿ ಕೂಗಿದರು. "ಗಲಾಟೆ ಆಮೇಲೆ ಮಾಡು ಮೋನೆ, ಕಪ್ಪ ತಣಿತದೆ!"

ಪ್ರೀತಿಕಾ ಆಗಲೇ ಆ ಬೇಯಿಸಿದ ಮರಗೆಣಸನ್ನು ಮೀನುಸಾರಿಗೆ ಅದ್ದುತ್ತಿದ್ದಳು. ವಿಷಯ ಹೇಳಿದೆ.

"ನಂಗೆ ಎಂಗೇಜ್‌ಮೆಂಟ್ ಆಗಿದ್ಯಾ? ಯಾರೂ ಹೇಳ್ಲೇ ಇಲ್ವಲ್ಲ ಸರ್!"

"ನಿನ್ನೆಯ ವೀಳ್ಯ ಎಲ್ಲಿ?"

"ತಿಂದ್ಬಿಟ್ಟೆ. ಸುಣ್ಣ ಸ್ವಲ್ಪ ಜಾಸ್ತಿ ಆಯ್ತು."

ನನ್ನ ಹಿಂದೆ ಕತ್ತರಿ ಕಟಕ್ ಎಂದಿತು.

ತ್ಯಾಂಪಣ್ಣನಿಗೆ ಫೋನ್ ಮಾಡಿದೆ. "ಎಲೆ ಬೇರೆ ಆದ್ರೂ ಸಾಕು. ಕೈ ಅದೇ ಆಗ್ಬೇಕು" ಎಂದರು. ಕಡಬ ಪೇಟೆಯಲ್ಲಿ ಒಂದು ಕಟ್ಟು ವೀಳ್ಯದೆಲೆ ಕೊಂಡು ನಾಲ್ವರೂ ಬೆಳ್ಳಾರೆಗೆ ತಿರುಗಿದೆವು.

ನಿನ್ನೆಯ ಜನರೆಲ್ಲ ಸೇರಿದ್ದರು. ಬಿಟ್ಟಿ ಸೀನು ಸಿಕ್ಕಿತೆಂದು ಡೈರೆಕ್ಟರ್ ಕ್ಯಾಮೆರಾ ಇಟ್ಟೇಬಿಟ್ಟರು! ಯತಿನ್ ಪಟೇಲರ ಮಗನ ವೇಷದಲ್ಲಿದ್ದ. ಜರಿ ಪೇಟ, ಅಂಟಿಸಿದ ಮೀಸೆ.

ಪ್ರೀತಿಕಾ ಹರಿವಾಣ ಚಾಚಿದಳು. "ನಿಮ್ಮ ವೀಳ್ಯ ನಿಮಗೇ ಇರ್ಲಿ."

ಯತಿನ್ ತೆಗೆದುಕೊಂಡ. ಸಮೀಕ್ಷಾ ಒಂದು ಹೆಜ್ಜೆ ಮುಂದೆ ಬಂದಳು. ಇನ್ನೊಂದೇ ಮಾತು ಬಾಕಿ.

"ಹೇಳು ಮಗಾ" ಎಂದರು ತ್ಯಾಂಪಣ್ಣ. "ಬೇಡ ಅಂತ ಹೇಳು."

ಯತಿನ್ ಹರಿವಾಣ ನೋಡಿದ. ಪ್ರೀತಿಕಾಳನ್ನು ನೋಡಿದ. ಕ್ಯಾಮೆರಾ ನೋಡಿದ...

"ಸರ್, ಈ ಕಡೆ ಮೀಸೆ ಸಮ ಉಂಟಾ?"

"ಹೇಳಾ!" ನಾನು ಅರಚಿದೆ.

"ಕೋಪದಲ್ಲಿ ಹೇಳುದಾ, ಬೇಜಾರಲ್ಲಿ ಹೇಳುದಾ? ಎಕ್ಸ್‌ಪ್ರೆಶನ್ ಯಾವುದು ಅಂತ..."

ಸಮೀಕ್ಷಾ ಬೊಬ್ಬೆ ಹಾಕಲಿಲ್ಲ. ಬೆಳಿಗ್ಗೆಯಿಂದ ಕೈಬಿಡದ ಕತ್ತರಿಯನ್ನು ಮುಚ್ಚಿ ಬ್ಯಾಗಿಗೆ ಹಾಕಿದಳು. ನನಗೆ ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ಭಾನುವಾರ ನನ್ನ ಅಂಗಡಿ ತೆರೆದಿರ್ತದೆ" ಎಂದಳು. "ಯಾರಿಗಾದ್ರೂ ಬ್ಲೌಸ್ ಹೊಲಿಸ್ಲಿಕ್ಕಿದ್ರೆ ಬನ್ನಿ."

ಚಪ್ಪಲಿ ಮೆಟ್ಟಿ ನಡೆದಳು. ಗೇಟು ದಾಟಿದಳು. ಸುಳ್ಯದ ಬಸ್ಸು ನಿಂತಿತ್ತು. ಹತ್ತಿದಳು. ತಿರುಗಿ ನೋಡಲಿಲ್ಲ. ಮತ್ತೆಂದೂ ಬರಲೂ ಇಲ್ಲ.

"ಓಡು ಕತ್ತೆ!" ಯತಿನನ ಬೆನ್ನಿಗೆ ಗುದ್ದಿದೆ.

"ಹೀಗೇ ಓಡ್ಲಾ?" ಅವನು ಪೇಟ ಸರಿಮಾಡಿಕೊಂಡ. "ಡೈರೆಕ್ಟರ್ ಆ್ಯಕ್ಷನ್ ಹೇಳ್ಲಿಲ್ಲ ಅಲ್ವಾ?"

ಆ ಬಸ್ಸಿಗೆ ಡೈರೆಕ್ಟರ್ ಇರಲಿಲ್ಲ ಸ್ವಾಮಿ. ಕಂಡಕ್ಟರ್ ಇದ್ದ. ವಿಸಿಲ್ ಊದಿದ.